ನಾಲ್ಕು ಲೋಟದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡರೆಂದು ಹೋದ ತಿಂಗಳು ಫೋನು ಬಂದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು ‘ಯಾರು ನೋಡಿದ್ದು?’ ಎಂಬುದು. ಸಾವಿನ ಸುದ್ದಿ ಕೇಳಿದವರು ಯಾರೂ ಹೀಗೆ ಮಾತಾಡುವುದಿಲ್ಲ. ಆದರೆ ಫೋನು ಮಾಡಿದ್ದ ನಾಗರತ್ನಮ್ಮನವರೂ ನಮ್ಮ ಕಾಲೇಜಿನಲ್ಲೇ ಕಾಮರ್ಸ್ ಪಾಠ ಮಾಡಿದವರು, ಅವರಿಗೆ ಬೇಸರವಾಗಲಿಲ್ಲ. “ನಾನೂ ಅದ್ನೇ ಕೇಳ್ದೆ ಸಾರ್. ಜೋಸೆಫ್ ಗುಬ್ಬಿಗೆ ಹೋಗಿ ಕಣ್ಣಾರೆ ನೋಡ್ಕೊಂಡ್ ಬಂದವ್ರೆ. ಈ ಸಲ ನಿಜ ಅಂತೆ,” ಎಂದರು. ‘ಈ ಸಲ’ ಅಂದದ್ದು ಯಾಕೆಂಬುದನ್ನು ಮುಂದೆ ಹೇಳುತ್ತೇನೆ. ಅಂಥ ಮನುಷ್ಯನ ಬಗ್ಗೆ ಅಳುಮುಖ ಮಾಡಿಕೊಂಡು ಬರೆಯುವುದು ನನ್ನಿಂದಾಗದು. ನೆನೆಸಿಕೊಂಡರೆ ಮೊದಲು ನಗು ಬರುತ್ತದೆ, ಆಮೇಲೆ ಉಳಿದದ್ದು.

ಅವರು ತುಮಕೂರಿನ ಕಾಲೇಜೊಂದರಲ್ಲಿ ಇತಿಹಾಸದ ಅಧ್ಯಾಪಕರು. ನಾನು ಅದೇ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಅಧ್ಯಾಪಕರು ಬೇಕಾದಷ್ಟು ಜನ ಇದ್ದರೂ ‘ಮೇಷ್ಟ್ರು’ ಅಂದರೆ ಅವರೊಬ್ಬರೇ. ಗುಬ್ಬಿಯಿಂದಾಚೆಯ ಹಳ್ಳಿಯವರು, ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ಇದ್ದ ಮನೆ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುವುದು ಅವರ ದಿನಚರಿ. ಕೈಚೀಲದಲ್ಲಿ ಸದಾ ಒಂದು ತೆಂಗಿನಕಾಯಿ ಇರುತ್ತಿತ್ತು. ಯಾರ ಮನೆಗಾದರೂ ಹೋಗಬೇಕಾಗಿ ಬಂದರೆ ಬರಿಗೈಲಿ ಹೋಗಬಾರದಲ್ಲ ಎಂದು. ತಿಂಗಳುಗಟ್ಟಲೆ ಯಾರ ಮನೆಗೂ ಹೋಗದೆ ಒಮ್ಮೆ ಆ ಕಾಯಿ ಚೀಲದಲ್ಲೇ ಮೊಳಕೆ ಒಡೆದಿತ್ತು.

ಇಂಥವರಿಗೆ ಹತ್ತಿಕೊಂಡಿದ್ದ ಗೀಳು ಯಾವುದು ಗೊತ್ತೇ? ಕ್ರೈಸ್ತ ಧರ್ಮ ಹೇಗೆ ಶುರುವಾಯಿತು, ಅದನ್ನು ಹೇಳುವ ಬರಹಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು. ಇದೆಲ್ಲಿಂದ ಅಂಟಿತು ಸಾರ್ ಎಂದು ಕೇಳಿದರೆ, “ನಮ್ ರಾಜರದ್ದೆಲ್ಲ ಕಲ್ಲಲ್ಲಿ ಕೆತ್ತವ್ರೆ, ಓದ್ಕೊಂಡು ಸುಮ್ನಾಗ್ಬೋದು. ಇಲ್ಲಿ ನೋಡು. ಒಂದೇ ಘಟನೆ, ನಾಲ್ಕು ಹೇಳಿಕೆ, ಬರೆದಿದ್ದು ಎಷ್ಟೋ ವರ್ಷ ಆದ್ಮೇಲೆ, ಕೇಳೋಣ ಅಂದ್ರೆ ಒಬ್ರೂ ಕೈಗೆ ಸಿಗಲ್ಲ. ಇತಿಹಾಸದೋನಿಗೆ ಇದಕ್ಕಿಂತ ಬಾಡೂಟ ಬೇಕಾ?” ಎನ್ನುತ್ತಿದ್ದರು.

ಸಂಜೆ ಕಾಲೇಜು ಬಿಟ್ಟ ಮೇಲೆ ಅವರು ಗುಬ್ಬಿ ಬಸ್ಸು ಹಿಡಿಯಬೇಕು, ನಾನು ಕುಣಿಗಲ್ ಬಸ್ಸು ಹಿಡಿಯಬೇಕು. ಅದಕ್ಕೆ ಮೊದಲು ಶಿರಾ ಗೇಟಿನ ಹತ್ತಿರ ಒಂದು ಟೀ ಅಂಗಡಿಯಲ್ಲಿ ಕೂರುತ್ತಿದ್ದೆವು. ನಮ್ಮ ಜೊತೆಗೆ ಜೋಸೆಫ್. ಕೆಮಿಸ್ಟ್ರಿಯವನು, ನಮ್ಮಿಬ್ಬರಿಗಿಂತ ಚಿಕ್ಕವನು, ತುಮಕೂರಿನವನೇ. ಭಾನುವಾರ ಚರ್ಚಿನಲ್ಲಿ ಹಾಡುವವನು, ಉಳಿದ ದಿನ ಮೇಷ್ಟ್ರ ಕೈಲಿ ಬೇಯುವವನು. ಮೇಷ್ಟ್ರು ನಾಲ್ಕು ಲೋಟ ಟೀ ತರಿಸಿ ಸಾಲಾಗಿ ಇಡುತ್ತಿದ್ದರು. ಕುಡಿಯುವವರು ಮೂವರೇ. ಹೊಸದಾಗಿ ಬಂದವರು ನಾಲ್ಕನೆಯವರು ಯಾರೆಂದು ಬಾಗಿಲ ಕಡೆ ನೋಡುತ್ತಿದ್ದರು.

“ಇವು ನಾಲ್ಕು ಸುವಾರ್ತೆ, ಯೇಸು ಕಥೆ ಹೇಳೋ ನಾಲ್ಕು ಪುಸ್ತಕ,” ಎಂದು ಶುರುಮಾಡುತ್ತಿದ್ದರು. “ಮೊದಲು ಬರೆದಿದ್ದು ಈ ಚಿಕ್ಕ ಲೋಟ. ಈ ಎರಡು ಲೋಟದಲ್ಲೂ ಮುಕ್ಕಾಲು ಭಾಗ ಆ ಚಿಕ್ಕ ಲೋಟದ ಟೀನೇ ಬಗ್ಗಿಸ್ಕೊಂಡವ್ರೆ, ಮೇಲೆ ಸ್ವಲ್ಪ ತಂತಮ್ಮ ಹಾಲು ಸಕ್ಕರೆ. ಆದ್ರಿಂದ ಮೂರು ಸಾಕ್ಷಿ ಅಂತ ಎಣಿಸಬೇಡ ಜೋಸೆಫ, ಒಂದೂವರೆ ಅಂದ್ಕೋ.”

“ನಾಲ್ಕನೇದು ಸಾರ್?” ಜೋಸೆಫ್ ಕೇಳುತ್ತಿದ್ದ.

“ಅದು ಬೇರೆ ಅಂಗಡಿ ಕಾಫಿ ಕಣಯ್ಯ.”

ಟೀ ಅಂಗಡಿಯವನಿಗೆ ಈ ಪಾಠದ ಮೇಲೆ ತುಂಬ ಸಿಟ್ಟು. ಸುವಾರ್ತೆ ಮುಗಿಯುವ ಹೊತ್ತಿಗೆ ಟೀ ಆರಿ ಕೆನೆ ಕಟ್ಟಿರುತ್ತಿತ್ತು, ಮೇಷ್ಟ್ರು ಅದನ್ನು ಮತ್ತೆ ಬಿಸಿ ಮಾಡಿಕೊಡು ಅನ್ನುತ್ತಿದ್ದರು. ಅಂಗಡಿಗೆ ಬರುವ ಹುಡುಗರ ಬಾಯಲ್ಲಿ ಅವರು ನಾಲ್ಕು ಲೋಟದ ಮೇಷ್ಟ್ರು ಆದದ್ದು ಹೀಗೆ.

ಅವರು ಜೋಸೆಫನ ಧರ್ಮವನ್ನು ಹಂಗಿಸುತ್ತಿದ್ದರು ಎಂದು ಯಾರೂ ತಿಳಿಯಬಾರದು. ಸ್ಟಾಫ್ ರೂಮಿನಲ್ಲಿ ಒಬ್ಬ ಮಹಾಶಯ ಒಮ್ಮೆ ಇದೇ ಸಲಿಗೆ ತಾನೂ ತೆಗೆದುಕೊಂಡು ಜೋಸೆಫನ ದೇವರ ಬಗ್ಗೆ ಏನೋ ಹಗುರವಾಗಿ ಅಂದ. ಮೇಷ್ಟ್ರು ಕನ್ನಡಕವನ್ನು ಹಣೆಯಿಂದ ಇಳಿಸಿ ಅವನನ್ನು ನೋಡಿದರು. “ನಾನ್ ಪ್ರಶ್ನೆ ಮಾಡ್ಬೋದು, ನೀನ್ ಮಾಡಂಗಿಲ್ಲ. ನಾನು ಓದಿದೀನಿ. ನೀನು ಓದಿಲ್ಲ,” ಎಂದರು. ಆತ ಮತ್ತೆ ಆ ಸುದ್ದಿಗೆ ಬರಲಿಲ್ಲ. ತಮ್ಮ ಮನೆದೇವರನ್ನೂ ಮೇಷ್ಟ್ರು ಸುಮ್ಮನೆ ಬಿಟ್ಟವರಲ್ಲ. ಹುತ್ತಕ್ಕೆ ಹಸು ತಾನಾಗೇ ಹಾಲು ಸುರಿಸಿತು, ಅಗೆದರೆ ದೇವರು ಸಿಕ್ಕಿತು ಎಂಬುದು ಅವರ ಊರಿನ ಗುಡಿಯ ಕಥೆ. “ಪಕ್ಕದೂರಿನ ಗುಡಿಗೂ ಇದೇ ಕಥೆ. ಅದರಾಚೆ ಊರಿಗೂ ಇದೇ. ಪಾಪ, ಒಂದೇ ಹಸು, ಎಷ್ಟು ಊರು ಸುತ್ತಿರ್ಬೇಕು,” ಎನ್ನುತ್ತಿದ್ದರು. ಹಾಗಂದವರೇ ಪೂಜೆಯ ದಿನ ಮಡಿಯುಟ್ಟು ಮುಂದೆ ನಿಲ್ಲುತ್ತಿದ್ದರು.

ಜೋಸೆಫನಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಅವನು ಅದನ್ನು ನನ್ನೆದುರೇ ಎಷ್ಟೋ ಸಲ ಕೇಳಿದ್ದಾನೆ. “ನೀವು ಚರ್ಚಿಗೆ ಬರೋದು ಬ್ಯಾಡ, ನಂಬೋದೂ ಬ್ಯಾಡ ಸಾರ್. ನಮ್ಮಜ್ಜಿಗೆ ಓದು ಬರಹ ಇರ್ಲಿಲ್ಲ, ಯೇಸು ಸತ್ತು ಎದ್ದು ಬಂದ ಕಥೆ ಹೇಳ್ತಾ ಹೇಳ್ತಾ ಅಳೋರು. ಮೊದಲು ಅದನ್ನ ಹೇಳಿದೋರು ಸುಳ್ಳು ಹೇಳಿಲ್ಲ ಅಂತ ಒಂದ್ ಸಲ ನಿಮ್ ಬಾಯಲ್ಲಿ ಅಂದ್ಬುಡಿ, ಸಾಕು.” ಬೇರೆ ಯಾರಾದರೂ ಆಗಿದ್ದರೆ ಒಬ್ಬ ಒಳ್ಳೆಯ ಹುಡುಗನ ಸಮಾಧಾನಕ್ಕೆ ಅಂದುಬಿಡುತ್ತಿದ್ದರು. ನಾನಂತೂ ಅಂದುಬಿಡುತ್ತಿದ್ದೆ. ಮೇಷ್ಟ್ರು ಅನ್ನಲಿಲ್ಲ. “ಪುರಾವೆ ಇಲ್ದೆ ಹೆಂಗ್ ಅನ್ಲಿ? ನಿನ್ ಮುಖ ನೋಡಿ ಅಂದ್ರೆ ನಾಳೆ ನೀನೇ ಅದನ್ನ ನಂಬಲ್ಲ,” ಎಂದು ಬಿಡುತ್ತಿದ್ದರು. ಆಗ ಜೋಸೆಫನ ಮುಖ ಸಣ್ಣಗಾಗುತ್ತಿತ್ತು. ನನಗೆ ಮೇಷ್ಟ್ರ ಮೇಲೆ ಕೋಪ ಬರುತ್ತಿತ್ತು.

ಪುರಾವೆಗಾಗಿ ಅವರು ಒಂದು ಪ್ರಯೋಗವನ್ನೂ ಮಾಡಿದರು, ಅದಕ್ಕೆ ಬಲಿಯಾದವನು ನಾನು. ಬಾಯಿಂದ ಬಾಯಿಗೆ ಹೋಗುವ ಸುದ್ದಿ ಏನಾಗುತ್ತದೆ ನೋಡೋಣವೆಂದು ಅವರು ಗುಬ್ಬಿಯ ಕ್ಷೌರದಂಗಡಿಯಲ್ಲಿ ಕೂತು, ನಾನು ಕುಣಿಗಲ್‌ನಲ್ಲಿ ಒಂದು ಕುದುರೆ ಕೊಂಡಿದ್ದೇನೆ ಎಂದು ಹೇಳಿ ಎದ್ದು ಬಂದರಂತೆ. ನಮ್ಮೂರು ಕುದುರೆ ಫಾರಂ ಇರುವ ಊರು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆ ಮಾತು ಬಸ್ಸು ಹತ್ತಿ ತುಮಕೂರು, ಹೆಬ್ಬೂರು ದಾಟಿ ವಾರ ಕಳೆಯುವುದರೊಳಗೆ ನಮ್ಮ ಮನೆ ಬಾಗಿಲಿಗೆ ಬಂತು. ಅಷ್ಟು ಹೊತ್ತಿಗೆ ಕುದುರೆ ಎರಡಾಗಿದ್ದವು. ಒಂದು ಬಿಳಿಯದು, ಒಂದಕ್ಕೆ ಕಾಲು ನೋವು. ಹುರುಳಿ ಮಾರುವವನೊಬ್ಬ ಬಂದು ನನ್ನ ಹೆಂಡತಿಯ ಹತ್ತಿರ ದರ ಮಾತಾಡಿ ಹೋದ. ನನಗೆ ಆ ಸಂಜೆ ಊಟ ತಡವಾಗಿ ಸಿಕ್ಕಿತು.

“ನೋಡ್ದಾ ಜೋಸೆಫ? ಕುದುರೆ ಇಲ್ದಲೇ ಕುದುರೆಗೆ ಕಾಲು ನೋವು ಬಂತು,” ಎಂದು ಮೇಷ್ಟ್ರು ಮೇಜು ತಟ್ಟಿ ನಕ್ಕರು.

ಜೋಸೆಫ್ ತನ್ನ ಲೋಟ ಕೆಳಗಿಟ್ಟ. ಆಮೇಲೆ, “ಆ ಕ್ಷೌರದೋನ ಕುತ್ತಿಗೆ ಮೇಲೆ ಕತ್ತಿ ಇಟ್ಟು ಕುದುರೆ ನೋಡಿದ್ಯಾ ಅಂತ ಕೇಳಿದ್ರೆ ಅವನು ಏನಂತಿದ್ದ ಸಾರ್? ಇಲ್ಲ ಅಂತಿದ್ದ. ಯೇಸು ಎದ್ದಿದ್ದನ್ನ ನೋಡಿದ್ವಿ ಅಂದ ನಮ್ಮ ಮೊದಲ ಶಿಷ್ಯರು ಕತ್ತಿ ಇಟ್ರೂ ಇಲ್ಲ ಅನ್ನಲಿಲ್ಲ,” ಎಂದ.

“ಸುಳ್ಳಿಗೂ ಜನ ಪ್ರಾಣ ಕೊಡ್ತಾರೆ ಕಣಯ್ಯ.”

“ಸುಳ್ಳು ಅಂತ ಗೊತ್ತಿಲ್ದಾಗ ಕೊಡ್ತಾರೆ ಸಾರ್. ಗೊತ್ತಿದ್ದೂ ಕೊಡ್ತಾರಾ?”

ಮೇಷ್ಟ್ರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಅವರ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಜೋಸೆಫನ ಇನ್ನೊಂದು ವಾದವನ್ನು ಅವರು ಬಾಯಿಬಿಟ್ಟು ಮೆಚ್ಚಿಕೊಂಡರು. ಯೇಸುವಿನ ಗೋರಿ ಖಾಲಿಯಾಗಿದ್ದನ್ನು ಮೂರನೇ ದಿನ ಬೆಳಗಿನ ಜಾವ ಮೊದಲು ಕಂಡವರು ಹೆಂಗಸರು, ನಾಲ್ಕು ಸುವಾರ್ತೆಯೂ ಅದನ್ನೇ ಹೇಳುತ್ತದೆ. “ಆ ಕಾಲದಲ್ಲಿ ಹೆಂಗಸ್ರ ಸಾಕ್ಷಿಗೆ ಬೆಲೆನೇ ಇರ್ಲಿಲ್ಲ. ಕಥೆ ಕಟ್ಟೋನಾಗಿದ್ರೆ ದೊಡ್ಡ ದೊಡ್ಡ ಗಂಡಸ್ರನ್ನ ಕರ್ಕೊಂಡ್ ಬಂದು ನಿಲ್ಲಿಸ್ತಿದ್ದ,” ಎಂದ ಜೋಸೆಫ್. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. “ಇದು ಒಳ್ಳೇ ಪಾಯಿಂಟು. ತನಗೆ ನಷ್ಟ ಆಗೋ ಮಾತನ್ನ, ತನಗೆ ನೋವಾಗೋ ಮಾತನ್ನ ಯಾರಾದ್ರೂ ಹೇಳಿದ್ರೆ ಅದನ್ನ ಮೊದಲು ನಂಬ್ಬೇಕು. ಹಂಗಂದ್ರೂ ಹೆಂಗಸ್ರು ಎಷ್ಟು ಜನ? ಒಬ್ರು ಒಂದು ಲೆಕ್ಕ ಹೇಳ್ತಾರೆ, ಇನ್ನೊಬ್ರು ಇನ್ನೊಂದು. ಒಬ್ರು ಸೂರ್ಯ ಹುಟ್ಟಿತ್ತು ಅಂತಾರೆ, ಒಬ್ರು ಇನ್ನೂ ಕತ್ತಲು ಅಂತಾರೆ. ಗೋರಿ ಹತ್ರ ಕಂಡ ದೇವದೂತ್ರು ಒಬ್ರೋ ಇಬ್ರೋ ಅದೂ ಗೊತ್ತಿಲ್ಲ. ಸಾಕ್ಷಿ ಹೊಂದ್ಬೇಕಲ್ಲಯ್ಯ.” ಅವರ ದೊಡ್ಡ ಆಕ್ಷೇಪಣೆ ಇದೇ. ಸಾಕ್ಷಿ ಹೊಂದಬೇಕು.

ಮೇಷ್ಟ್ರು ನಿವೃತ್ತರಾಗಿ ಊರಿಗೆ ಹೋದ ಮೇಲೆ ನಮ್ಮ ಟೀ ತಿಂಗಳಿಗೆ ಒಂದೆರಡು ಸಲ ಎಂಬಂತಾಯಿತು. ಅವರ ಮನೆಯಲ್ಲಿ ತುಂಬ ವಯಸ್ಸಾದ ದೊಡ್ಡಪ್ಪ ಒಬ್ಬರಿದ್ದರು. ಅವರು ತುಂಬು ಬಾಳು ಬಾಳಿ ಒಂದು ದಿನ ಕಣ್ಣು ಮುಚ್ಚಿದರು. ಮಕ್ಕಳಿಲ್ಲದ ಮುದುಕರು, ಹಾಗಾಗಿ ಮಗನ ಸ್ಥಾನದಲ್ಲಿ ನಿಂತು ಎಲ್ಲ ಕಾರ್ಯ ಮಾಡಿದವರು ಮೇಷ್ಟ್ರೇ. ಬಸ್ಸಿನಲ್ಲಿ ಹೋಗುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮನೆ ಮುಂದಿನ ಶಾಮಿಯಾನ ಕಂಡು ವಾಟ್ಸಾಪ್ ಗುಂಪಿಗೆ ‘ಮೇಷ್ಟ್ರ ಮನೆ ಮುಂದೆ ಜನ ಸೇರಿದ್ದಾರೆ’ ಎಂದು ಹಾಕಿದ. ಅದರ ಕೆಳಗೆ ಇನ್ನೊಬ್ಬ ‘ಅಯ್ಯೋ’ ಎಂದ. ಮತ್ತೊಬ್ಬ ಕೈ ಮುಗಿದ. ಮೇಷ್ಟ್ರ ಫೋನು ಸ್ವಿಚ್ ಆಫ್ ಆಗಿತ್ತು. ಬೆಳಗಾಗುವುದರೊಳಗೆ ಶಿರಾ ಗೇಟಿನ ಪ್ರಿಂಟಿಂಗ್ ಅಂಗಡಿಯ ಮುಂದೆ ಆಳೆತ್ತರದ ಫ್ಲೆಕ್ಸ್ ನಿಂತಿತ್ತು. ಮೇಷ್ಟ್ರ ಫೋಟೊ, ಎರಡು ಕಡೆ ದೀಪ, ಕೆಳಗೆ ದಪ್ಪಕ್ಷರದಲ್ಲಿ ‘ಮತ್ತೆ ಹುಟ್ಟಿ ಬನ್ನಿ’.

ಅದೇ ಬೆಳಿಗ್ಗೆ ಮೇಷ್ಟ್ರು ದೊಡ್ಡಪ್ಪನ ತಿಥಿ ಕಾರ್ಡು ಅಚ್ಚು ಹಾಕಿಸಲು ತುಮಕೂರಿಗೆ ಬಂದರು, ಬಂದದ್ದು ಅದೇ ಅಂಗಡಿಗೆ. ಕರ್ಮ ಹಿಡಿದವರಲ್ಲವೇ, ತಲೆಯನ್ನೂ ಮೀಸೆಯನ್ನೂ ಬೋಳಿಸಿಕೊಂಡಿದ್ದರು. ಜೀವಮಾನವೆಲ್ಲ ಪೊದೆಮೀಸೆ ಬಿಟ್ಟಿದ್ದ ಮನುಷ್ಯ. ಫ್ಲೆಕ್ಸ್ ಪಕ್ಕದಲ್ಲೇ ನಿಂತರೂ ಅಲ್ಲಿದ್ದ ಯಾರಿಗೂ ಮೊದಲಿಗೆ ಗುರುತು ಸಿಗಲಿಲ್ಲ.

ಗುಬ್ಬಿಗೆ ಹೂವಿನ ಹಾರ ಒಯ್ಯಲು ಬಂದಿದ್ದ ಜೋಸೆಫ್ ಆಗ ಟೀ ಅಂಗಡಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಒಬ್ಬ ಬೋಳುತಲೆಯವರು ಬಂದು ಕೂತರು. ತೆಂಗಿನಕಾಯಿ ವ್ಯಾಪಾರದವರಿರಬೇಕೆಂದುಕೊಂಡ, ಕೈಚೀಲದಲ್ಲಿ ಕಾಯಿ ಇತ್ತಲ್ಲ. ದುಃಖ ತಡೆಯಲಾರದೆ ಅವರ ಹತ್ತಿರವೇ, “ನಮ್ ಮೇಷ್ಟ್ರು ಹೋಗ್ಬುಟ್ರು ಯಜಮಾನ್ರೆ,” ಎಂದು ಅತ್ತ. ಆ ಯಜಮಾನರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು. ಎಂಥವರಾಗಿದ್ದರು ಎಂದು ಕೇಳಿ ಇನ್ನಷ್ಟು ಹೊಗಳಿಸಿಕೊಂಡರು. ಕೊನೆಗೆ, “ಹೌದಾ? ಹೋಗಿದ್ದನ್ನ ಯಾರು ನೋಡಿದ್ದು?” ಎಂದರು. ಆ ಪ್ರಶ್ನೆ ಕೇಳುವ ಪ್ರಾಣಿ ತುಮಕೂರು ಜಿಲ್ಲೆಯಲ್ಲಿ ಒಂದೇ. ಜೋಸೆಫ್ ಹಾರವನ್ನು ಕೈಬಿಟ್ಟು ಅವರನ್ನು ತಬ್ಬಿಕೊಂಡ.

ಮುಂದಿನ ಭೇಟಿಯಲ್ಲಿ ಜೋಸೆಫ್ ಲಾಯರಂತೆ ತಯಾರಾಗಿ ಬಂದಿದ್ದ. ಮೇಷ್ಟ್ರನ್ನು ಆ ದಿನ ಕಂಡವರನ್ನೆಲ್ಲ ಟೀ ಅಂಗಡಿಯಲ್ಲಿ ಕೂರಿಸಿದ. ಮೊದಲು ಕಂಡವರು ನಾಗರತ್ನಮ್ಮ. ಹಾಲು ತರಲು ಹೋದಾಗ ಇನ್ನೂ ನಸುಗತ್ತಲಿತ್ತು, ಬಸ್ಸಿಳಿದವರು ಇಬ್ಬರಿದ್ದರು, ಮೇಷ್ಟ್ರ ನಡಿಗೆ ಕಂಡು ಭೂತವೇ ಬಂತೆಂದು ಹೆದರಿ ಮನೆಗೆ ಓಡಿದೆ ಎಂದರು. ಮನೆಯಲ್ಲಿ ಹೇಳಿದರೆ ಗಂಡ ನಂಬಲಿಲ್ಲವಂತೆ, ನಿದ್ದೆಗಣ್ಣು ಎಂದರಂತೆ. ಪ್ರಿಂಟಿಂಗ್ ಅಂಗಡಿಯವರು, ಬಿಸಿಲು ಚೆನ್ನಾಗಿ ಏರಿತ್ತು, ಒಬ್ಬರೇ ಬಂದರು, ಬಂದವರೇ ಫೋಟೊ ಚೆನ್ನಾಗಿಲ್ಲ ಎಂದರು ಅಂದರು. ಟೀ ಅಂಗಡಿಯವನ ಪ್ರಕಾರ ಮೂವರು ಬಂದಿದ್ದರು, ಕುಡಿದದ್ದು ಕಾಫಿ. ಜೋಸೆಫನ ಪ್ರಕಾರ ಟೀ.

“ನಾಲ್ಕು ಸಾಕ್ಷಿ, ಒಂದಕ್ಕೊಂದು ಹೊಂದ್ತಿಲ್ಲ ಸಾರ್,” ಎಂದ ಜೋಸೆಫ್. “ಹಂಗಾದ್ರೆ ಅವತ್ತು ನೀವು ಶಿರಾ ಗೇಟಿಗೆ ಬಂದೇ ಇಲ್ಲ ಅಂತ ತೀರ್ಮಾನ ಮಾಡೋಣ್ವಾ?”

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಬೋಳುತಲೆ ಸವರಿಕೊಂಡು, “ನಾನ್ ಬಂದಿದ್ದು ನಿಜ ಕಣಯ್ಯ. ಆದ್ರೆ ನಾನು ಸತ್ತಿದ್ದು ಸುಳ್ಳು. ನಿಮ್ಮೋರಿಗೆ ಎರಡೂ ನಿಜ ಆಗ್ಬೇಕು, ಅದು ಕಷ್ಟ,” ಎಂದರು.

“ಅದು ಬೇರೆ ಪ್ರಶ್ನೆ ಸಾರ್. ನಾನ್ ಕೇಳ್ತಿರೋದು ಇಷ್ಟೇ. ಇವ್ರು ನಾಲ್ಕು ಜನದಲ್ಲಿ ಸುಳ್ಳು ಹೇಳಿದೋರು ಯಾರು?”

ಮೇಷ್ಟ್ರು ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದರು. ನಗು ನಿಂತಿತು. ಟೀ ಅಂಗಡಿಯವನೂ ಸೌಟು ಹಿಡಿದು ಕಾದ. “ಯೋಚ್ನೆ ಮಾಡಿ ಹೇಳ್ತೀನಿ,” ಎಂದರು ಮೇಷ್ಟ್ರು.

ಅವರ ಯೋಚನೆ ಮುಗಿಯಲೇ ಇಲ್ಲ. ಆಮೇಲೆ ಸಿಕ್ಕಾಗಲೆಲ್ಲ ಜೋಸೆಫ್ ಕೇಳುವುದು, ಅವರು ‘ಮಾಡ್ತಾ ಇದೀನಿ’ ಎನ್ನುವುದು. ಮೀಸೆ ಮತ್ತೆ ಬಂತು, ಬೆಳ್ಳಗಾಯಿತು. ಕಾಲು ಸೋತು ತುಮಕೂರಿಗೆ ಬರುವುದು ನಿಂತಿತು. ಆ ಮಾತು ಹಾಗೇ ಉಳಿದುಬಿಟ್ಟಿತು ಎಂಬುದು ಅವರ ಸಾವಿನ ಸುದ್ದಿ ಖಾತ್ರಿಯಾದ ಮೇಲೆ ನನಗೆ ಹೊಳೆದ ಮೊದಲ ಸಂಗತಿ. ಈ ಸಲ ಫ್ಲೆಕ್ಸ್ ಹಾಕಲು ಪ್ರಿಂಟಿಂಗ್ ಅಂಗಡಿಯವರು ಸುತರಾಂ ಒಪ್ಪಲಿಲ್ಲ. ಜೋಸೆಫ್ ಹೋಗಿ, ನಾನೇ ನೋಡಿ ಬಂದಿದ್ದೇನೆ ಎಂದ ಮೇಲೆ ಮೆಷೀನು ಶುರುಮಾಡಿದರು.

ಮೂರನೇ ದಿನ ಹಾಲುತುಪ್ಪಕ್ಕೆ ನಾನೂ ಜೋಸೆಫನೂ ಗುಬ್ಬಿಗೆ ಹೋದೆವು. ಬೆಳಕು ಹರಿಯುವ ಮೊದಲೇ ತೋಟದಲ್ಲಿ ಸೇರಿದ್ದರು. ಮಣ್ಣ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಎಲೆಯ ಮೇಲೆ ಅವರಿಗಿಷ್ಟವಾದದ್ದನ್ನೆಲ್ಲ ಬಡಿಸಿದರು. ತಟ್ಟೆ ಇಡ್ಲಿ, ಹುರುಳಿಕಾಳಿನ ಸಾರು, ಒಂದು ಲೋಟ ಟೀ. ಜೋಸೆಫ್ ಮಣ್ಣನ್ನೇ ನೋಡುತ್ತ ನಿಂತಿದ್ದ. ಮೇಷ್ಟ್ರ ಹೆಂಡತಿ ಅವನನ್ನು ಕಂಡು, “ಏನ್ ಹಂಗ್ ನೋಡ್ತಿದೀಯ ಜೋಸೆಫಪ್ಪ? ಒಳಗೇ ಅವ್ರೆ ಬುಡು,” ಎಂದರು. ಅಳುತ್ತಿದ್ದವರೂ ನಕ್ಕರು.

ಎಡೆ ಇಟ್ಟು ಹಿಂದೆ ಸರಿದೆವು. ಕಾಗೆಗಳು ತೆಂಗಿನ ಗರಿಯ ಮೇಲೆ ಕೂತು ನೋಡಿದವೇ ಹೊರತು ಇಳಿಯಲಿಲ್ಲ. ಬಿಸಿಲು ಏರಿತು, ಹೆಲಿಕಾಪ್ಟರ್ ಕಾರ್ಖಾನೆ ಇರುವ ಕಾವಲಿನ ಕಡೆಯಿಂದ ಒಂದು ಹೆಲಿಕಾಪ್ಟರ್ ಕೂಡ ಹಾರಿಹೋಯಿತು, ಕಾಗೆ ಬರಲಿಲ್ಲ. ಹಿರಿಯರೊಬ್ಬರು, “ಏನೋ ಆಸೆ ಉಳ್ಕೊಂಡದೆ ಕಣ್ರಪ್ಪ. ಯಾರ ತಾವಾದ್ರೂ ಏನಾದ್ರೂ ಹೇಳಿದ್ರೆ ಹೇಳ್ಬುಡಿ,” ಎಂದರು. ಮೇಷ್ಟ್ರ ಮಗಳು, ಬೋರ್‌ವೆಲ್ ರಿಪೇರಿ ಮಾಡಿಸ್ತೀವಪ್ಪ ಎಂದಳು. ಕಾಗೆ ಅಲ್ಲಾಡಲಿಲ್ಲ.

ಆಗ ಮೇಷ್ಟ್ರ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದೆ ಬಂದರು.

“ಹೇಳಬಾರ್ದು ಅಂತ್ಲೇ ಇದ್ದೆ ಕಣಪ್ಪ ಜೋಸೆಫ. ಹೊಟ್ಟೆಉರಿ ನನಗೆ. ಹೋಗೋ ಹಿಂದಿನ್ ದಿನ ನನ್ ಕೈ ಹಿಡ್ಕೊಂಡ್ರು. ನನಗೇ ಏನೋ ಹೇಳ್ತಾರೆ ಅಂತ ಬಗ್ಗಿದೆ. ‘ಜೋಸೆಫಂಗೆ ಹೇಳು, ಅವ್ರು ಸುಳ್ಳು ಹೇಳಿಲ್ಲ ಅಂತ’ ಅಂದ್ರು. ಅಷ್ಟೇ, ಆಮೇಲೆ ಮಾತಿಲ್ಲ. ಯಾರು ಅವ್ರು, ಏನ್ ಸುಳ್ಳು, ನನಗೇನ್ ಗೊತ್ತು? ಇಷ್ಟ್ ವರ್ಷ ಬೇಯ್ಸಿ ಹಾಕಿದೋಳಿಗೆ ಒಂದ್ ಮಾತಿಲ್ಲ, ನಿನ್ ಹೆಸರು ತೆಗೆದವ್ರೆ ನೋಡು.”

ಜೋಸೆಫ್ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ. ಸ್ವಲ್ಪ ಹೊತ್ತಿಗೆ ಕಾಗೆಯೊಂದು ಇಳಿದು ಇಡ್ಲಿಗೆ ಬಾಯಿ ಹಾಕಿತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಷ್ಟ್ರು ಇದ್ದಿದ್ದರೆ, ಅದಕ್ಕೆ ಹಸಿವಾಗಿತ್ತು ಎನ್ನುತ್ತಿದ್ದರು.

ವಾಪಸು ಬರುವಾಗ ಕಾರಿನಲ್ಲಿ ಜೋಸೆಫ್ ಕಣ್ಣೊರೆಸಿಕೊಳ್ಳುತ್ತಲೇ ಇದ್ದ. ಅವನನ್ನು ನಗಿಸೋಣವೆಂದು ನಾನು ಮೇಷ್ಟ್ರ ಪಕ್ಷ ವಹಿಸಿದೆ. “ಒಂದೇ ಸಾಕ್ಷಿ ಜೋಸೆಫ್. ಅದೂ ಹೆಂಡ್ತಿ. ಕಾಗೆ ಬರ್ತಿರ್ಲಿಲ್ಲ, ಎಲ್ರಿಗೂ ಹೊಟ್ಟೆ ಹಸಿದಿತ್ತು. ಮೇಷ್ಟ್ರಾಗಿದ್ರೆ ಇಂಥ ಹೇಳಿಕೆ ಒಪ್ಪೋರಾ?”

“ತನಗೇ ನೋವಾಗೋ ಮಾತನ್ನ ಮೊದಲು ನಂಬ್ಬೇಕು ಅಂದೋರು ಅವ್ರೇ ಅಲ್ವಾ ಸಾರ್,” ಎಂದ ಜೋಸೆಫ್.

ಶಿರಾ ಗೇಟಿನಲ್ಲಿ ಕಾರು ನಿಲ್ಲಿಸಿ ಟೀ ಅಂಗಡಿಗೆ ಹೋದೆವು. ನಾವು ಏನೂ ಹೇಳದಿದ್ದರೂ ಅಂಗಡಿಯವನು ನಾಲ್ಕು ಲೋಟ ತಂದಿಟ್ಟ. ಜೋಸೆಫ್ ಚಿಕ್ಕ ಲೋಟವನ್ನು ಕೈಗೆ ತೆಗೆದುಕೊಂಡ. ಕಣ್ಣು ಕೆಂಪಗಿದ್ದವು, ಮುಖದಲ್ಲಿ ನಗುವಿತ್ತು.

“ಅಲ್ದೆ ಸಾರ್, ಮೂರನೇ ದಿನ ಗೋರಿ ಹತ್ರ ಒಬ್ಬ ಹೆಂಗಸು ಬಂದು ಹೇಳಿದ್ದನ್ನ ನಂಬೋದು ನಮಗೇನ್ ಹೊಸದಲ್ಲ ಬುಡಿ,” ಎಂದ.